ಗ್ರಾಫಿಕ್ಸ್ ಕಾರ್ಡಿಗೆ ಫ್ಯಾಟ್ ಎಷ್ಟು?

ನಮ್ಮೂರ ಹಾಲಿನ ಡೈರಿಯ ಮೇಜಿನ ಮೇಲೆ ಒಂದು ರಟ್ಟಿನ ಡಬ್ಬ ಇದೆ. ಅದರ ಮೇಲೆ ಕೆಂಪು ಕಣ್ಣಿನ, ಉರಿಯುವ ಕತ್ತಿ ಹಿಡಿದ, ಗಂಡೋ ಹೆಣ್ಣೋ ಹೇಳಲಾಗದ ಒಂದು ಆಕೃತಿ ನಿಂತಿದೆ. ಒಳಗೆ ಡೈರಿಯ ರಬ್ಬರ್ ಸ್ಟಾಂಪು, ಇಂಕ್ ಪ್ಯಾಡು, ಎರಡು ಲ್ಯಾಕ್ಟೋಮೀಟರು, ಯಾರೋ ಮರೆತುಹೋದ ಪಾಸ್‌ಪುಸ್ತಕ ಇಷ್ಟು ಇವೆ. ಬೆಳಿಗ್ಗೆ ಹಾಲು ಹಾಕಲು ಬರುವವರು ಕ್ಯಾನು ಕೆಳಗಿಟ್ಟು ಆ ಆಕೃತಿಯನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡುತ್ತಾರೆ. ಮೊದಲ ದಿನವೇ ರಂಗಣ್ಣ ಕೇಳಿಬಿಟ್ಟ.

"ಇದ್ಯಾವ ದೇವ್ರು ಸೆಕ್ರೆಟ್ರಿ?"

"ದೇವ್ರಲ್ಲ ಕಣಣ್ಣ, ಗ್ರಾಫಿಕ್ಸ್ ಕಾರ್ಡಿನ ಡಬ್ಬ. ಕಂಪ್ಯೂಟ್ರಲ್ಲಿ ಆಟದ ಚಿತ್ರ ತಡೀದಂಗೆ ಓಡ್ಲಿ ಅಂತ ಆಕೋದು."

"ಮಗಳಿಗಾ?"

"ಅಲ್ಲ, ನಮ್ಮವ್ವಂಗೆ."

ಅಂದು ರಂಗಣ್ಣನ ಹಾಲಿಗೆ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಕಡಿಮೆ ಬಂದಿತ್ತು. ಬೇರೆ ದಿನವಾಗಿದ್ದರೆ ಯಂತ್ರವೇ ಸುಳ್ಳು ಎಂದು ಕಾಲು ಗಂಟೆ ವಾದ ಮಾಡುತ್ತಿದ್ದ. ಅಂದು ಒಂದು ಮಾತೂ ಆಡದೆ ಕ್ಯಾನು ಎತ್ತಿಕೊಂಡು ಹೋದ.

ನೀವೂ ನಗಬಹುದು. ಎಪ್ಪತ್ತೊಂದು ವರ್ಷದ, ಮಂಡಿ ಸವೆದ, ನಾಲ್ಕನೇ ಕ್ಲಾಸು ಓದಿದ ಹೆಂಗಸಿಗೆ ಗೇಮಿಂಗ್ ಕಾರ್ಡು ಯಾಕೆ ಎಂದು ದಂಡಿಗನಹಳ್ಳಿ ಹೋಬಳಿಯ ಅರ್ಧ ಜನ ಆಗಲೇ ನಕ್ಕಿದ್ದಾರೆ. ಉಳಿದರ್ಧಕ್ಕೆ ರಂಗಣ್ಣ ಸುದ್ದಿ ಮುಟ್ಟಿಸುತ್ತಿದ್ದಾನೆ. ನಗುವುದಕ್ಕೆ ಮೊದಲು ಎರಡು ಸಂಗತಿ ಹೇಳಿಬಿಡುತ್ತೇನೆ. ಒಂದು ನನ್ನ ಚಾಳಿ, ಇನ್ನೊಂದು ನಮ್ಮ ಹೊಲ.

ಇಪ್ಪತ್ತೆರಡು ವರ್ಷದಿಂದ ನಾನು ಈ ಡೈರಿಯ ಸೆಕ್ರೆಟರಿ. ಪೇಟೆಯವರು ಹಾಲನ್ನು ಲೀಟರಿನಲ್ಲಿ ಕೊಳ್ಳುತ್ತಾರೆ. ನಾವು ಫ್ಯಾಟಿನಲ್ಲಿ ಕೊಳ್ಳುತ್ತೇವೆ. ಹಸು ಎಷ್ಟು ಕೊಟ್ಟಿತು ಎನ್ನುವುದು ಅರ್ಧ ಮಾತು. ಯಂತ್ರಕ್ಕೆ ಒಂದಿಷ್ಟು ಹಾಲು ಕುಡಿಸಿದರೆ ಕೆಂಪು ಅಂಕಿಯಲ್ಲಿ ಫ್ಯಾಟು ಬರುತ್ತದೆ, ಅದಕ್ಕೆ ತಕ್ಕ ರೇಟು ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಈ ಕೆಲಸ ಮಾಡಿ ಮಾಡಿ, ಲೋಕದಲ್ಲಿರುವ ಪ್ರತಿಯೊಂದಕ್ಕೂ ಒಂದು ಫ್ಯಾಟ್ ಇದೆ, ಅಳೆಯುವ ಯಂತ್ರ ಸಿಕ್ಕಿಲ್ಲ ಅಷ್ಟೇ ಎಂಬ ನಂಬಿಕೆ ನನ್ನ ತಲೆಯಲ್ಲಿ ಹೆಪ್ಪುಗಟ್ಟಿದೆ. ಮದುವೆ ಮನೆಯ ಪಾಯಸ, ಎದುರು ಮನೆಯ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕ, ಮುಖಂಡರ ಭಾಷಣ, ಯಾವುದೇ ಇರಲಿ, ಮನಸ್ಸು ತಾನಾಗಿಯೇ ಒಂದು ಅಂಕಿ ಕೊಟ್ಟುಬಿಡುತ್ತದೆ. ನನಗೆ ಹನ್ನೊಂದು ಕಡೆ ಹೆಣ್ಣು ನೋಡಿದ್ದರು. ಹನ್ನೊಂದನೆಯವಳಾದ ರತ್ನ ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೂ ಮಾತಿಗೆ ಮಾತು ಬೆಳೆದಾಗ, "ನಂಗೆಷ್ಟು ಫ್ಯಾಟ್ ಬಂದಿತ್ತು ಅಂತ ಇವತ್ತಾದ್ರೂ ಹೇಳಿ" ಎನ್ನುತ್ತಾಳೆ. ನಾನು ಹೇಳಿಲ್ಲ. ಅಷ್ಟು ಬುದ್ಧಿ ನನಗಿದೆ.

ಇನ್ನು ಹೊಲ. ಚನ್ನರಾಯಪಟ್ಟಣದ ರಸ್ತೆಗೆ ಅಂಟಿಕೊಂಡಂತೆ ನಮಗೆ ಎರಡು ಎಕರೆ ಇತ್ತು. ಅಪ್ಪ ಬೇಗ ಹೋದ ಮೇಲೆ ಅವ್ವ ಒಬ್ಬಳೇ ಮಾಡಿದ ಹೊಲ. ರಾಗಿ, ನಡುನಡುವೆ ಅವರೆ ಸಾಲು, ಅಂಚಿಗೆ ಹುಚ್ಚೆಳ್ಳು. ಬಿತ್ತನೆಗೆ ರಾಗಿ ಎತ್ತಿಡಬೇಕಾದಾಗ ಅವ್ವ ನಿಂತ ಬೆಳೆಯೊಳಗೆ ಇಳಿದು ಎರಡು ದಿನ ಸಾಲು ಸಾಲು ತಿರುಗಿ ಒಂದೊಂದೇ ತೆನೆ ಹಿಡಿದು ನೋಡಿ ಕೊಯ್ಯುತ್ತಿದ್ದಳು. ನಾನು ಮಂಕರಿ ಹಿಡಿದುಕೊಂಡು ಹಿಂದೆ ಹೋಗುತ್ತಿದ್ದೆ. ಯಾಕೆ ಇದು, ಯಾಕೆ ಅದಲ್ಲ ಎಂದು ಕೇಳಿದರೆ "ನೋಡಿದ್ರೆ ಗೊತ್ತಾಗಾಕಿಲ್ವೇನ್ಲಾ" ಎನ್ನುತ್ತಿದ್ದಳು. ನನಗೆ ಗೊತ್ತಾಗುತ್ತಿರಲಿಲ್ಲ. ಎಲ್ಲ ತೆನೆಯೂ ಒಂದೇ ಥರ ಮುಷ್ಟಿ ಕಟ್ಟಿಕೊಂಡು ನಿಂತಿರುತ್ತಿದ್ದವು.

ಎರಡೂವರೆ ವರ್ಷದ ಹಿಂದೆ ಆ ಹೊಲವನ್ನು ಮಾರಿದೆ. ಅವ್ವನ ಮಂಡಿ ಹೋಗಿತ್ತು, ಆಳು ಸಿಗುತ್ತಿರಲಿಲ್ಲ, ಮನೆಯ ಮೇಲೆ ಎರಡು ರೂಮು ಎತ್ತುವ ಆಸೆ ನನಗಿತ್ತು. ಒಬ್ಬರು ಬಂದರು, ಒಂದು ಬೆಲೆ ಹೇಳಿದರು, ನಾನು ಆಗಲಿ ಎಂದೆ. ಅವ್ವ ರಿಜಿಸ್ಟರ್ ಆಫೀಸಿನಲ್ಲಿ ನಾನು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಬಸ್ಸು ಹತ್ತಿದಳು. ಈಗ ಅಲ್ಲಿ ಒಂದು ಕಮಾನು, ಕಮಾನಿನ ಮೇಲೆ 'ಹಸಿರು ಸಿರಿ ಬಡಾವಣೆ' ಎಂಬ ಬೋರ್ಡು, ಹಿಂದೆ ಬಿಳಿ ಬಣ್ಣ ಬಳಿದ ಕಲ್ಲುಗಳು ಇವೆ. ಹಸಿರು ಎಂದರೆ ಬೋರ್ಡಿನ ಬಣ್ಣ. ಅವ್ವ ನನ್ನ ಹತ್ತಿರ ಜಗಳವಾಡಲಿಲ್ಲ. ಮಾತೂ ಆಡಲಿಲ್ಲ. "ಸಾರಿಗೆ ಉಪ್ಪು ಕಮ್ಮಿ", "ಕರೆಂಟು ಓಯ್ತು", ಇಂಥ ನಾಲ್ಕೈದು ವಾಕ್ಯದಲ್ಲಿ ತಾಯಿ ಮಗನ ಸಂಬಂಧ ನಡೆಯುತ್ತಿತ್ತು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಮನೆಗೆ ಕಂಪ್ಯೂಟರ್ ಬಂತು. ಮಗಳು ಸಿಂಚನ ಚನ್ನರಾಯಪಟ್ಟಣದಲ್ಲಿ ಪಿಯುಸಿ. ಓದಿಗೆ ಬೇಕು ಅಂದಳು, ತಂದುಕೊಟ್ಟೆ. ಓದಿನ ಪಕ್ಕದಲ್ಲಿ ಅವಳು ಒಂದು ಬೇಸಾಯದ ಆಟವನ್ನೂ ಇಟ್ಟುಕೊಂಡಿದ್ದಳು. ಉಳುವುದು, ಬಿತ್ತುವುದು, ಕೊಯ್ಯುವುದು, ಮಾರುವುದು, ಎಲ್ಲ ಅದರಲ್ಲೇ. ಒಂದು ಭಾನುವಾರ ಅವ್ವ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು.

"ಇದ್ಯಾರ ವಲ?"

"ಯಾರ್ದೂ ಅಲ್ಲ ಅಜ್ಜಿ. ನೀನೇ ಓಡ್ಸು ಬಾ."

ವಾರದೊಳಗೆ ಅವ್ವ ಟ್ರ್ಯಾಕ್ಟರು ಓಡಿಸುತ್ತಿದ್ದಳು. ಮೊದಲು ಸಿಕ್ಕಿದ್ದು ಯಾವುದೋ ಶೀತ ದೇಶದ ಗೋಧಿ ಹೊಲ. "ಇಷ್ಟ್ ದೊಡ್ಡ ವಲಕ್ಕೆ ಒಂದು ಮರ ಇಲ್ಲ, ಬುತ್ತಿ ಎಲ್ ಕೂತ್ಕೊಂಡ್ ಉಣ್ಣಾದು" ಎಂದು ಅವ್ವ ತಕರಾರು ತೆಗೆದಳು. ಸಿಂಚನ ಎಲ್ಲೆಲ್ಲೋ ಹುಡುಕಿ, ಯಾರೋ ಪುಣ್ಯಾತ್ಮರು ನಮ್ಮ ಕಡೆಯ ಹೊಲದಂತೆಯೇ ಮಾಡಿ ಹಾಕಿದ್ದ ಒಂದು ನಕ್ಷೆ ತಂದು ಸೇರಿಸಿದಳು. ಕೆಂಪು ಮಣ್ಣು, ಬೇವಿನ ಮರ, ಕಲ್ಲು ಬೇಲಿ, ರಾಗಿ. ಅಂದು ರಾತ್ರಿ ಊಟಕ್ಕೆ ಕೂತಾಗ ಅವ್ವ ನನ್ನ ಕಡೆ ತಿರುಗಿ, "ಮುಕ್ಕಾಲು ಎಕ್ರೆ ಉತ್ತೆ ಕಣ್ಲಾ" ಅಂದಳು. ಉಪ್ಪು, ಕರೆಂಟು ಬಿಟ್ಟು ನನಗೆ ಬಂದ ಮೊದಲ ಮಾತು. ನಾನು ಮುದ್ದೆ ಮುರಿಯುವುದನ್ನು ಮರೆತು ಕೂತೆ.

ಆದರೆ ಆ ನಕ್ಷೆ ಹಾಕಿದ ಮೇಲೆ ಕಂಪ್ಯೂಟರಿಗೆ ಉಬ್ಬಸ ಶುರುವಾಯಿತು. ಟ್ರ್ಯಾಕ್ಟರು ಒಂದು ಕಡೆ ನಿಂತು, ಆಮೇಲೆ ನಾಲ್ಕು ಮಾರು ಆಚೆ ನೆಗೆಯುತ್ತಿತ್ತು. ರಾಗಿ ಹತ್ತಿರ ಹೋದರೂ ಹಸಿರು ಕಂಬಳಿ ಹಾಸಿದಂತೆ ಕಾಣುತ್ತಿತ್ತು. ಬದು ಎಲ್ಲಿ ಮುಗಿಯಿತು ಎನ್ನುವುದು ಕಾಣದೆ ಅವ್ವ ಒಂದು ದಿನ ಪಕ್ಕದ ಹೊಲಕ್ಕೆ ನುಗ್ಗಿಬಿಟ್ಟಳು.

"ಪಕ್ಕದೋರ ವಲ ಉತ್ಬುಟ್ಟೆ ಕಣ್ಲಾ. ಕೇಳಾಕೆ ಬಂದ್ರೆ ಏನ್ ಯೋಳ್ಲಿ?"

ಯಾರೂ ಬರುವುದಿಲ್ಲ ಎಂದರೆ ನಂಬಲಿಲ್ಲ. ಎರಡು ದಿನ ಆ ಆಟ ಮುಟ್ಟಲಿಲ್ಲ. ಸಿಂಚನ ನನ್ನ ಹತ್ತಿರ ಬಂದು, ಒಂದು ಗ್ರಾಫಿಕ್ಸ್ ಕಾರ್ಡು ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂದಳು. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಒಂದು ಕಾರ್ಡು ತಂದುಕೊಟ್ಟು ಎರಡು ಎಕರೆಯ ತಪ್ಪು ತೊಳೆದುಕೊಳ್ಳುವ ಅವಕಾಶ ಇಷ್ಟು ಅಗ್ಗಕ್ಕೆ ಯಾರಿಗೆ ಸಿಗುತ್ತದೆ ಹೇಳಿ. ತಕ್ಷಣ ಒಂದನ್ನು ತಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಫ್ಯಾಟು ನೋಡದೆ ತರುವುದು ಹೇಗೆ?

ನೋಡಲು ಹೋದೆ, ಬಿದ್ದೆ. ಈ ಕಾರ್ಡುಗಳಿಗೂ ಫ್ಯಾಟ್ ಇತ್ತು. ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತದೆ ಎಂದು ಅಳೆದು ಅದಕ್ಕೆ ಫ್ರೇಮು ಅನ್ನುತ್ತಾರೆ. ಫ್ರೇಮನ್ನು ಬೆಲೆಯಿಂದ ಭಾಗಿಸಿದರೆ ಯಾವ ಕಾರ್ಡು ದುಡ್ಡಿಗೆ ತಕ್ಕ ದುಡಿಮೆ ಮಾಡುತ್ತದೆ ಎಂದು ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷ ಹಾಲಿನಲ್ಲಿ ಮಾಡಿದ್ದನ್ನೇ ಇಡೀ ಪ್ರಪಂಚ ಕಂಪ್ಯೂಟರಿನಲ್ಲಿ ಮಾಡುತ್ತಿದೆ ಎಂದು ತಿಳಿದು ನನ್ನ ಎದೆ ಉಬ್ಬಿತು. ಡೈರಿಯ ಕಂಪ್ಯೂಟರಿನಲ್ಲೇ ಒಂದು ಪಟ್ಟಿ ಶುರು ಮಾಡಿದೆ. ಅರವತ್ತೆರಡು ಕಾರ್ಡು, ಹದಿನಾಲ್ಕು ಕಾಲಂ. ಎಂಟು ಜಿಬಿಯದ್ದೋ ಹನ್ನೆರಡರದ್ದೋ, ಎಷ್ಟು ವ್ಯಾಟು ಕರೆಂಟು ನುಂಗುತ್ತದೆ, ಬೇಸಿಗೆಯಲ್ಲಿ ಎಷ್ಟು ಬಿಸಿಯಾಗುತ್ತದೆ, ಫ್ಯಾನು ಎರಡೋ ಮೂರೋ. ಸಂಜೆ ಹಾಲು ತೂಗುವ ನಡುವೆಯೂ ಮೊಬೈಲಿನಲ್ಲಿ ಯಾರೋ ಒಬ್ಬ ಹುಡುಗ ಎರಡು ಕಾರ್ಡುಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕಿರುಚುತ್ತಿರುತ್ತಿದ್ದ. ಇಂಥವರು ಲೆಕ್ಕವಿಲ್ಲದಷ್ಟು ಇದ್ದಾರೆ. ಎಲ್ಲರೂ ಕಾರ್ಡನ್ನು ಹೊಗಳಿ, ಕೊನೆಗೆ ಇದನ್ನು ಕೊಳ್ಳಬೇಡಿ, ಮುಂದಿನ ತಿಂಗಳು ಇನ್ನೊಂದು ಬರುತ್ತದೆ ಎನ್ನುತ್ತಾರೆ. ಮುಂದಿನ ತಿಂಗಳು ಬಂದದ್ದಕ್ಕೂ ಅದೇ ಮಾತು.

ಇದರಲ್ಲೂ ಪಕ್ಷ ಇದೆ. ಹಸಿರು ಡಬ್ಬದ ಕಂಪನಿಯವರು ಒಂದು ಕಡೆ, ಕೆಂಪು ಡಬ್ಬದವರು ಇನ್ನೊಂದು ಕಡೆ. ವಿಡಿಯೋದ ಕೆಳಗೆ ಅವರು ಬೈದಾಡುವುದನ್ನು ಓದಿದರೆ ನಮ್ಮ ಪಂಚಾಯ್ತಿ ಚುನಾವಣೆ ಭಜನೆಯ ಹಾಗೆ ಕಾಣುತ್ತದೆ. ಲಕ್ಷ ರೂಪಾಯಿಯ ಕಾರ್ಡಿಗಾಗಿ ಅಪ್ಪ ಅಮ್ಮನ ಮೇಲೆ ಬೈಸಿಕೊಳ್ಳುತ್ತಿದ್ದವನೊಬ್ಬ ತನ್ನ ಹತ್ತಿರ ಇನ್ನೂ ಕಂಪ್ಯೂಟರೇ ಇಲ್ಲ ಎಂದು ಕೊನೆಗೆ ಬರೆದಿದ್ದ. ಅವನ ಮೇಲೆ ನನಗೆ ಅಭಿಮಾನ ಹುಟ್ಟಿತು. ನಮ್ಮ ಜಾತಿಯವನು.

ನನ್ನ ಈ ರೋಗ ಹೊಸದಲ್ಲ. ಏಳೆಂಟು ವರ್ಷದವನಿದ್ದಾಗ ಬೇಸಿಗೆ ರಜೆಗೆ ಹೊಳೆನರಸೀಪುರದ ಅತ್ತೆ ಮನೆಗೆ ಹೋಗಿದ್ದೆ. ಬುಗುರಿ ಕೊಳ್ಳಲು ಅತ್ತೆ ಕಾಸು ಕೊಟ್ಟಿದ್ದಳು. ಪೇಟೆ ಬೀದಿಯ ಅಂಗಡಿಯಲ್ಲಿ ಬುಟ್ಟಿ ತುಂಬ ಬುಗುರಿ. ದಿನಾ ಹೋಗಿ ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಮೊಳೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ನಾಳೆ ಬರುತ್ತೇನೆ ಎಂದು ವಾಪಸ್ಸು ಬರುತ್ತಿದ್ದೆ. ಬೀದಿಯ ಹುಡುಗರು ಆಡಿ ಆಡಿ ಬುಗುರಿ ಒಡೆದುಕೊಂಡು ಗೋಲಿಗೆ ಇಳಿದಿದ್ದರು. ಊರಿಗೆ ಹೊರಡುವ ದಿನ ಅಂಗಡಿಯವನು ಕೈಗೆ ಸಿಕ್ಕಿದ್ದೊಂದನ್ನು ಕೊಟ್ಟು, "ಕಾಸು ಬ್ಯಾಡ, ಓಗಪ್ಪ" ಅಂದ. ಅದು ಓಲಾಡಿಕೊಂಡು ತಿರುಗುತ್ತಿತ್ತು. ಆಡಲು ಜೊತೆಗೂ ಯಾರೂ ಇರಲಿಲ್ಲ.

ನಡುವೆ ಅರಕಲಗೂಡಿನಿಂದ ಒಂದು ಸುದ್ದಿ ಬಂತು. ಅಲ್ಲೊಬ್ಬರು ಫೋಟೋ ಸ್ಟುಡಿಯೋದವರು ಮದುವೆ ವಿಡಿಯೋ ಮಾಡಲು ಇಟ್ಟುಕೊಂಡಿದ್ದ ಕಾರ್ಡನ್ನು ಅರ್ಧ ಬೆಲೆಗೆ ಕೊಡುತ್ತಾರಂತೆ. ಬೈಕು ಹತ್ತಿ ಹೋದೆ. ಅವರು ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೈಗೆ ಕೊಟ್ಟರು. ನಾನು ಅದನ್ನು ಮೂಗಿಗೆ ಹಿಡಿದು ಮೂಸಿದೆ. ಬೇಕೆಂದು ಮಾಡಿದ್ದಲ್ಲ. ದಿನಾ ಬೆಳಿಗ್ಗೆ ಕ್ಯಾನಿನ ಮುಚ್ಚಳ ತೆಗೆದು ಹಾಲು ಹುಳಿಯಾಗಿದೆಯೇ ಎಂದು ಮೂಸುವ ಕೈ, ಎಲ್ಲವನ್ನೂ ಮೂಗಿನ ಹತ್ತಿರವೇ ಒಯ್ಯುತ್ತದೆ.

ಸ್ಟುಡಿಯೋದವರು ತಾವೂ ಬಗ್ಗಿ ಮೂಸಿ ನೋಡಿದರು. "ಯಾಕ್ ಸಾ, ವಾಸ್ನೆ ಬತ್ತೈತಾ?"

"ಇಲ್ಲ, ಚೆನ್ನಾಗೈತೆ."

"ಹಂಗಾದ್ರೆ ತಗಳಿ."

"ವಸಿ ಯೋಚ್ನೆ ಮಾಡಿ ಬತ್ತೀನಿ."

ಹಿಂತಿರುಗಿ ಬಂದು ಪಟ್ಟಿಗೆ ಹಳೆಯ ಕಾರ್ಡುಗಳದ್ದೇ ಒಂದು ಹೊಸ ಪುಟ ಸೇರಿಸಿದೆ. ಅಷ್ಟರಲ್ಲಿ ಆ ಕಾರ್ಡು ಮಾರಾಟವಾಗಿತ್ತು. ಹೊಸವುಗಳ ಬೆಲೆಯೂ ಏರುತ್ತಿತ್ತು. ಈಗ ಎಐ ಎಂಬ ಹೊಸ ದೇವರು ಬಂದಿದೆಯಲ್ಲ, ಈ ಕಾರ್ಡುಗಳೆಲ್ಲ ಮೊದಲು ಅದಕ್ಕೆ ನೈವೇದ್ಯಕ್ಕೆ ಹೋಗಿ, ಮಿಕ್ಕಿದ್ದು ನಮ್ಮಂಥವರಿಗೆ ಪ್ರಸಾದವಾಗಿ ಬರುತ್ತವೆಯಂತೆ. ಬೆಲೆ ಏರಿದಾಗ ಇಳಿಯಲಿ ಎಂದು ಕಾದೆ. ಇಳಿದಾಗ ಇನ್ನೂ ಇಳಿಯಬಹುದೆಂದು ಕಾದೆ. ಹೀಗೇ ಎಂಟು ತಿಂಗಳು ಹೋಯಿತು.

ಅವ್ವ ಕಾಯಲಿಲ್ಲ. ಒಂದು ದಿನ ಕಂಪ್ಯೂಟರಿನ ಮುಂದಿನಿಂದ ಕುರ್ಚಿಯನ್ನು ಎತ್ತಿಸಿ ಜಗುಲಿಗೆ ಹಾಕಿಸಿಕೊಂಡಳು. ನಮ್ಮ ಜಗುಲಿಯಿಂದ ನೋಡಿದರೆ ದೂರದಲ್ಲಿ ಆ ಕಮಾನು ಕಾಣುತ್ತದೆ. ಊಟದ ಹೊತ್ತಿಗೆ ಮತ್ತೆ ಉಪ್ಪು ಮತ್ತು ಕರೆಂಟು. ಸಿಂಚನ ಒಂದು ಸಂಜೆ ಡೈರಿಗೇ ಬಂದು ನನ್ನ ಪಟ್ಟಿಯನ್ನು ನೋಡಿದಳು.

"ಅಪ್ಪ, ಅಜ್ಜಿ ಹೊಲದ ರಾಗಿ ಕೊಯ್ಲಿಗೆ ಬಂದು ಒಂದು ತಿಂಗ್ಳಾಯ್ತು. ನೀನಿನ್ನೂ ಕಾಲಂ ಹಾಕ್ತಾ ಇದೀಯ."

ನಾನು ಏನೋ ಹೇಳಲು ಹೋದೆ. ಅವಳು ಕೇಳಿಸಿಕೊಳ್ಳದೆ ಹೋದಳು. ಆ ನಡಿಗೆ ಅವ್ವನದ್ದೇ. ನನಗೆ ಹೆದರಿಕೆಯಾಯಿತು. ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ಬದುಕುವುದು ಕಷ್ಟ.

ಮರುದಿನ ಮಧ್ಯಾಹ್ನ ಪಟ್ಟಿಯ ಪ್ರಿಂಟು ಮಡಚಿ ಜೇಬಿನಲ್ಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದೆ. ಸಾಲಗಾಮೆ ರಸ್ತೆಯಲ್ಲಿ ಧರಣೇಂದ್ರ ಎಂಬವರ ಕಂಪ್ಯೂಟರ್ ಅಂಗಡಿ ಇದೆ. ಶ್ರವಣಬೆಳಗೊಳದ ಕಡೆಯ ಜೈನರು, ಸಮಾಧಾನದ ಮನುಷ್ಯ. ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ ಎರಡು ಕಾರ್ಡು, ಒಂದು ಹಸಿರು, ಒಂದು ಕೆಂಪು, ಎರಡನ್ನೂ ತೆಗೆದು ಮುಂದಿಟ್ಟರು. ನಾನು ಒಂದೊಂದೇ ಕಾಲಮ್ಮಿನ ಪ್ರಶ್ನೆ ಕೇಳುತ್ತಾ ಹೋದೆ. ಅವರು ಉತ್ತರಿಸುತ್ತಾ ಹೋದರು. ಆಮೇಲೆ ಅವರು ಗೋಡೆಯ ಗಡಿಯಾರ ನೋಡತೊಡಗಿದರು. ಆಮೇಲೆ ಬಾಗಿಲಿನಾಚೆಯ ಬಿಸಿಲು ನೋಡತೊಡಗಿದರು.

"ಸಾ, ಒಂದ್ ಮಾತು. ನಾವು ಹೊತ್ತು ಮುಳುಗಿದ್ ಮೇಲೆ ಉಣ್ಣಲ್ಲ. ಮನೇಲಿ ತಟ್ಟೆ ಹಾಕಿರ್ತಾರೆ. ನೀವು ಹತ್ತನೇ ಕಾಲಂನಲ್ಲಿದೀರಿ."

ನನಗೆ ನಾಚಿಕೆಯಾಯಿತು. ನನ್ನ ಹೋಲಿಕೆಗಾಗಿ ಒಬ್ಬ ಮನುಷ್ಯ ಉಪವಾಸ ಬೀಳುವುದು ಸರಿಯಲ್ಲ.

"ಯಾವ್ದು ತಗಳ್ಲಿ ನೀವೇ ಹೇಳಿ."

"ಯಾರು ಆಡೋದು?"

"ನಮ್ಮವ್ವ. ಎಪ್ಪತ್ತೊಂದು ವರ್ಷ."

ಅವರು ನಗಲಿಲ್ಲ. ಹತ್ತಿರ ಇದ್ದ ಡಬ್ಬವನ್ನು ನನ್ನ ಕಡೆ ತಳ್ಳಿದರು. "ಎರಡೂ ಒಂದೇ ಸಾ. ಅವರ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಎಂಟು ತಿಂಗಳ ಹಿಂದೆ ತಗೊಂಡಿದ್ರೆ ಸ್ವಲ್ಪ ಕಮ್ಮಿಗೂ ಸಿಕ್ತಿತ್ತು." ಹೀಗೆ, ಅರವತ್ತೆರಡು ಕಾರ್ಡುಗಳ ಮಹಾ ಹೋಲಿಕೆಯನ್ನು ಧರಣೇಂದ್ರ ಅವರ ಹಸಿವು ತೀರ್ಮಾನ ಮಾಡಿತು.

ಭಾನುವಾರ ಸಿಂಚನ ಕಂಪ್ಯೂಟರಿನ ಪಕ್ಕೆ ಬಿಚ್ಚಿ ಕಾರ್ಡನ್ನು ಒಳಗಿಡಲು ಹೋದಳು. ಹಿಡಿಸಲಿಲ್ಲ. ಎರಡು ಬೆರಳು ಉದ್ದ ಹೆಚ್ಚಾಗಿತ್ತು. ನನ್ನ ಹದಿನಾಲ್ಕು ಕಾಲಮ್ಮಿನಲ್ಲಿ ಉದ್ದದ ಕಾಲಂ ಇರಲಿಲ್ಲ. ಜಗುಲಿಯಿಂದ ಅವ್ವ ಕುಂಟಿಕೊಂಡು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಮ್ಮೆ ತರಾಕೆ ಮುಂಚೆ ಕೊಟ್ಟಿಗೆ ಬಾಗ್ಲು ನೋಡ್ಬಾರ್ದೇನ್ಲಾ?"

ಎಂದೂ ಇಷ್ಟು ಸಂತೋಷದಿಂದ ಬೈಸಿಕೊಂಡಿರಲಿಲ್ಲ ನಾನು. ಸಿಂಚನ ಒಳಗಿನ ಯಾವುದೋ ಖಾಲಿ ತಗಡಿನ ಚೌಕಟ್ಟನ್ನು ಸ್ಕ್ರೂ ತೆಗೆದು ಈಚೆಗೆಳೆದಳು. ಕಾರ್ಡು ಕೂತಿತು.

ಪರದೆಯ ಮೇಲೆ ಅವ್ವನ ಹೊಲ ಬಂತು. ಸುಳ್ಳು ಹೇಳಲಾರೆ, ನಾನೂ ಬೆರಗಾದೆ. ರಾಗಿ ತೆನೆ ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಗಾಳಿ ಬೀಸಿದರೆ ಸಾಲು ಸಾಲಾಗಿ ಬಾಗಿ ಏಳುತ್ತಿತ್ತು. ಬೇವಿನ ಮರದ ನೆರಳು ಬದುವಿನ ಮೇಲೆ ಅಲ್ಲಾಡುತ್ತಿತ್ತು. ಅವ್ವ ಟ್ರ್ಯಾಕ್ಟರು ಮುಟ್ಟಲೇ ಇಲ್ಲ. ಹೊಲಕ್ಕಿಳಿದು ಬದುವಿನ ಉದ್ದಕ್ಕೂ ನಡೆಯುತ್ತಾ ಹೋದಳು. ಒಂದು ಸುತ್ತು ಮುಗಿಸಿ ಬಂದು, "ಬದ ಕಾಣ್ತದೆ ಈಗ" ಅಂದಳು. ಅವಳ ಕಣ್ಣು ತುಂಬಿತ್ತು.

ಅಷ್ಟಕ್ಕೆ ಎದ್ದು ಹೋಗಿದ್ದರೆ ನಾನು ಒಳ್ಳೆಯ ಮಗನಾಗಿ ಉಳಿಯುತ್ತಿದ್ದೆ. ಆದರೆ ತಿಳಿದವನು ಸುಮ್ಮನೆ ಕೂರುವುದುಂಟೇ? ಎಂಟು ತಿಂಗಳು ಆ ಆಟದ ವಿಡಿಯೋಗಳನ್ನೂ ನೋಡಿದ್ದೆನಲ್ಲ. ಮೌಸನ್ನು ಅವ್ವನ ಕೈಯಿಂದ ತೆಗೆದುಕೊಂಡು ನಕ್ಷೆ ತೆರೆದೆ. ಹೊಲದ ಮೇಲೆ ಒತ್ತಿದರೆ ಅದರ ಬೆಲೆ ಬರುತ್ತದೆ, ಕೆಳಗೆ ಮಾರುವ ಗುಂಡಿ ಇರುತ್ತದೆ.

"ಇಲ್ನೋಡವ್ವ. ಇದನ್ನ ಮಾರಿದ್ರೆ ಇಷ್ಟು ಬತ್ತದೆ. ಅದ್ರಲ್ಲಿ ಆ ಕೆರೆ ಪಕ್ಕದ್ದು ತಗಬೋದು. ಎಕ್ರೆಗೆ ಲೆಕ್ಕ ಆಕಿದ್ರೆ ಅದೇ ಲಾಭ."

ಅವ್ವ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಈ ಕಾಲ್ಡು ತರಾಕೆ ಎಷ್ಟ್ ದಿನ ನೋಡ್ದೆ?"

"ಎಂಟು ತಿಂಗ್ಳು."

"ಎಷ್ಟ್ ಊರು ತಿರುಗ್ದೆ?"

"ಚನ್ರಾಯಪಟ್ಣ, ಅರಕಲಗೂಡು, ಆಸನ."

"ವಲ ಕೊಡಾಕೆ ಮುಂಚೆ ಎಷ್ಟ್ ಜನವ ಕೇಳ್ದೆ?"

ನಾನು ಯಾರನ್ನೂ ಕೇಳಿರಲಿಲ್ಲ. ಕೊಳ್ಳುವವನೇ ಬಂದಿದ್ದ. ಪಕ್ಕದ ಹೊಲ ಎಷ್ಟಕ್ಕೆ ಹೋಯಿತು ಎಂದೂ ವಿಚಾರಿಸಿರಲಿಲ್ಲ. ಒಂದು ಕಾಲಂ ಹಾಕಿರಲಿಲ್ಲ.

"ನನ್ನೂ ಕೇಳ್ನಿಲ್ಲ ಕಣಪ್ಪ ನೀನು" ಅಂದಳು ಅವ್ವ. ಕೋಪದಿಂದ ಹೇಳಲಿಲ್ಲ. ಎರಡು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಕೆಳಗಿಟ್ಟಳು ಅಷ್ಟೇ. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು.

"ಸಿಂಚನ, ಇದ್ಕೆ ಎಂತದೋ ಬೀಗ ಆಕ್ತಾರಂತಲ್ಲ, ಆಕವ್ವ. ನಂಬರು ನಾನ್ ಯೋಳ್ತೀನಿ. ನಿಮ್ಮಪ್ಪಂಗೆ ಯೋಳ್ಬ್ಯಾಡ."

ಸಿಂಚನ ನನ್ನ ಮುಖ ನೋಡಿದಳು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವ್ವ ಅವಳ ಕಿವಿಯಲ್ಲಿ ಏನೋ ಹೇಳಿದಳು, ಅವಳು ಒತ್ತಿದಳು.

ಇದಾಗಿ ನಾಲ್ಕು ತಿಂಗಳಾಯಿತು. ಅವ್ವ ಈಗ ನನ್ನ ಹತ್ತಿರ ಚೆನ್ನಾಗಿ ಮಾತಾಡುತ್ತಾಳೆ, ಬೈಯುತ್ತಾಳೆ, ಈ ಸಲ ಅವರೆ ಎಷ್ಟು ಬಂತು ಎಂದು ಹೇಳುತ್ತಾಳೆ. ಹೊಲ ಮಾತ್ರ ತೋರಿಸುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಒಂದೆರಡು ಸಲ ಬೀಗ ತೆಗೆಯಲು ನೋಡಿದ್ದೇನೆ, ಮುಚ್ಚಿಡುವುದೇನು. ಅಪ್ಪ ತೀರಿಹೋದ ವರ್ಷವನ್ನು ಹಾಕಿದೆ, ನಾನು ಹುಟ್ಟಿದ ವರ್ಷವನ್ನು ಹಾಕಿದೆ, ತೆರೆದುಕೊಳ್ಳಲಿಲ್ಲ. ನಮ್ಮ ಹೊಲದ ಸರ್ವೆ ನಂಬರೇ ಇರಬೇಕು ಎಂದು ನನಗೆ ಬಲವಾದ ಅನುಮಾನ. ಅರವತ್ತೆರಡು ಕಾರ್ಡುಗಳ ಫ್ರೇಮು ಇವತ್ತು ಕೇಳಿದರೂ ಬಾಯಲ್ಲಿ ಹೇಳಿಬಿಡುತ್ತೇನೆ. ಆ ಸರ್ವೆ ನಂಬರು ನೆನಪಿಗೆ ಬರುತ್ತಿಲ್ಲ. ಅವ್ವನನ್ನೇ ಕೇಳಬೇಕು. ಕೇಳಲು ಮುಖವಿಲ್ಲ.